ಸ್ಟೇರಿಂಗ್, ಬ್ರೇಕ್ ದೋಷ: ಪಾನಾ ಹಿಡಿಯುವ ಮುಂಚೆ ಚಾಸಿ ನಂಬರ್ ನೋಡಿ

ಸ್ಟೇರಿಂಗ್ ತಿರುಗಿಸಿದಾಗ ಕೆಳಗಿನಿಂದ ಕಟ್ ಅನ್ನುತ್ತದೆ. ಬ್ರೇಕ್ ಪೆಡಲ್ ಮೊದಲಿಗಿಂತ ಗಟ್ಟಿಯಾಗಿದೆ. ಹಿಂದಿನ ಚಕ್ರದಿಂದ ಏನೋ ಸದ್ದು ಬರುತ್ತದೆ. ಇಂಥದ್ದು ಶುರುವಾದರೆ ನಮ್ಮಲ್ಲಿ ಹೆಚ್ಚಿನವರು ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಗಾಡಿ ಬಿಡುತ್ತಾರೆ. ಅವರು ಒಂದು ಪಾರ್ಟ್ ಬದಲಿಸುತ್ತಾರೆ, ನಾವು ದುಡ್ಡು ಕೊಡುತ್ತೇವೆ, ಸದ್ದು ನಿಂತರೆ ವಿಷಯ ಅಲ್ಲಿಗೆ ಮುಗಿಯುತ್ತದೆ.

ಆದರೆ ಆ ಪಾರ್ಟ್‌ನಲ್ಲೇ ದೋಷ ಇದೆ ಎಂದು ಕಂಪನಿ ಆಗಲೇ ಒಪ್ಪಿಕೊಂಡು, ಪುಕ್ಕಟೆ ಬದಲಿಸಿಕೊಡುತ್ತಿರಬಹುದು. ಇದಕ್ಕೇ ರೀಕಾಲ್ ಎನ್ನುವುದು. ವಾರಂಟಿ ಮುಗಿದಿದ್ದರೂ ರೀಕಾಲ್ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಸ್ಟೇರಿಂಗ್ ಅಥವಾ ಬ್ರೇಕ್‌ನಲ್ಲಿ ಏನೇ ತೊಂದರೆ ಕಂಡರೂ ಪತ್ತೆ ಕೆಲಸ ಚಾಸಿ ನಂಬರಿನಿಂದ ಶುರುವಾಗಬೇಕು, ಪಾನಾದಿಂದ ಅಲ್ಲ. ಗೇರ್ ಬಾಕ್ಸ್, ಎಸಿ, ಮ್ಯೂಸಿಕ್ ಸಿಸ್ಟಂ ಕೆಟ್ಟರೆ ನಿಧಾನವಾಗಿ ನೋಡಿಕೊಳ್ಳಬಹುದು. ಇವೆರಡು ಹಾಗಲ್ಲ.

ಚಾಸಿ ನಂಬರ್ ಇಟ್ಟುಕೊಂಡು ಏನು ಮಾಡುವುದು

ಆರ್‌ಸಿ ತೆಗೆಯಿರಿ. ಅದರಲ್ಲಿ ಎರಡು ವಿಷಯ ನೋಡಿ: 17 ಅಕ್ಷರ-ಅಂಕಿಗಳ ಚಾಸಿ ನಂಬರ್, ಮತ್ತೆ ಗಾಡಿ ತಯಾರಾದ ತಿಂಗಳು, ವರ್ಷ. ಎರಡನೆಯದನ್ನು ಬಹಳ ಜನ ತಪ್ಪಾಗಿ ಹಿಡಿಯುತ್ತಾರೆ. ರೀಕಾಲ್ ಲೆಕ್ಕ ಹಾಕುವುದು ಗಾಡಿ ಫ್ಯಾಕ್ಟರಿಯಲ್ಲಿ ತಯಾರಾದ ದಿನದ ಮೇಲೆ, ನೀವು ಕೊಂಡ ದಿನದ ಮೇಲಲ್ಲ. ಫೆಬ್ರವರಿಯಲ್ಲಿ ತಯಾರಾದ ಕಾರು ಯಾರ್ಡ್‌ನಲ್ಲಿ ನಿಂತು ಯುಗಾದಿ ಹೊತ್ತಿಗೆ ನಿಮ್ಮ ಮನೆಗೆ ಬಂದಿರಬಹುದು. "ನಮ್ದು ಏಪ್ರಿಲ್ ಗಾಡಿ, ನಮಗೆ ಬರಲ್ಲ" ಎಂದು ಸುಮ್ನೆ ಕೂರಬಾರದು.

ಒಂದು ನಿಜವಾದ ಉದಾಹರಣೆ ನೋಡಿ. 2023ರ ಜುಲೈನಲ್ಲಿ ಮಾರುತಿ ಸುಜುಕಿ ಎಸ್-ಪ್ರೆಸ್ಸೋ ಮತ್ತು ಈಕೋ ಎರಡೂ ಸೇರಿ 87,599 ಗಾಡಿಗಳನ್ನು ವಾಪಸ್ ಕರೆಯಿತು. ಕಾರಣ ಸ್ಟೇರಿಂಗ್ ಟೈ ರಾಡ್‌ನ, ಅಂದರೆ ಸ್ಟೇರಿಂಗನ್ನು ಮುಂದಿನ ಚಕ್ರಕ್ಕೆ ಜೋಡಿಸುವ ರಾಡ್‌ನ, ಒಂದು ಭಾಗದಲ್ಲಿ ಇರಬಹುದಾದ ದೋಷ. ಅಪರೂಪಕ್ಕೆ ಅದು ಮುರಿದು ಗಾಡಿಯ ಹಿಡಿತ ತಪ್ಪಬಹುದು ಎಂದು ಕಂಪನಿಯೇ ಹೇಳಿತು. ಆ ಗಾಡಿಗಳು ತಯಾರಾದದ್ದು 2021ರ ಜುಲೈ 5ರಿಂದ 2023ರ ಫೆಬ್ರವರಿ 15ರ ನಡುವೆ. ಅಂದರೆ ಮೊದಲ ದಿನಗಳ ಗಾಡಿಗಳು ಪ್ರಕಟಣೆ ಬರುವ ಹೊತ್ತಿಗೆ ಸುಮಾರು ಎರಡು ವರ್ಷ ರಸ್ತೆಯಲ್ಲಿ ಓಡಿದ್ದವು. ಈಕೋ ಎಂದರೆ ನಮ್ಮ ಊರುಗಳಲ್ಲಿ ಶಾಲೆ ಮಕ್ಕಳ ವ್ಯಾನ್, ಹಾಲಿನ ಗಾಡಿ, ಮದುವೆಗೆ ಜನ ತುಂಬಿಕೊಂಡು ಹೋಗುವ ಬಾಡಿಗೆ ಗಾಡಿ. ಒಂದೊಂದು ಗಾಡಿಯ ಹಿಂದೆ ಎಷ್ಟು ಜೀವ ಇದೆ ಎಂದು ಯೋಚಿಸಿದರೆ ಐದು ನಿಮಿಷ ಕೂತು ನಂಬರ್ ಹಾಕಿ ನೋಡುವುದು ದೊಡ್ಡ ಕೆಲಸವೇನಲ್ಲ.

ನೋಡುವ ವಿಧಾನ ಸುಲಭ. ಕಂಪನಿಯ ವೆಬ್‌ಸೈಟಿನಲ್ಲಿ ರೀಕಾಲ್ ಅಥವಾ ಗ್ರಾಹಕರಿಗೆ ಮುಖ್ಯ ಮಾಹಿತಿ ಎಂಬ ವಿಭಾಗ ಇರುತ್ತದೆ. ಅಲ್ಲಿ ಚಾಸಿ ನಂಬರ್ ಹಾಕಬೇಕು. ಮಾರುತಿಯದ್ದಾದರೆ ಎಂಎ3, ಎಂಬಿಎಚ್, ಎಂಬಿಜೆ, ಎಂಬಿಕೆ ಇವುಗಳಲ್ಲಿ ಒಂದರಿಂದ ಶುರುವಾಗಿ ಮುಂದೆ 14 ಅಕ್ಷರ-ಅಂಕಿ ಇರುತ್ತವೆ. ಟೈಪ್ ಮಾಡುವಾಗ ಸೊನ್ನೆ ಯಾವುದು ಎಂದು ಗೊಂದಲ ಬೇಡ: ಚಾಸಿ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಗುಂಡಗೆ ಕಾಣುವುದೆಲ್ಲ ಸೊನ್ನೆ, ನೆಟ್ಟಗೆ ಕಾಣುವುದು ಒಂದು. ವೆಬ್‌ಸೈಟ್ ಬೇಡ ಅನಿಸಿದರೆ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, "ಈ ಚಾಸಿ ನಂಬರಿಗೆ ಯಾವುದಾದರೂ ರೀಕಾಲ್ ಬಾಕಿ ಇದೆಯಾ?" ಎಂದು ನೇರವಾಗಿ ಕೇಳಿ. "ಸ್ಟೇರಿಂಗ್ ಸದ್ದು ಬರ್ತಿದೆ" ಎಂದು ಮಾತು ಶುರು ಮಾಡಿದರೆ ಅವರು ಸರ್ವಿಸ್ ಅಪಾಯಿಂಟ್‌ಮೆಂಟ್ ಬರೆದುಕೊಂಡು ಫೋನ್ ಇಟ್ಟುಬಿಡುತ್ತಾರೆ.

ಪಟ್ಟಿಯಲ್ಲಿ ನಿಮ್ಮ ಗಾಡಿ ಇದೆ ಎಂದ ಮಾತ್ರಕ್ಕೆ ಅದರ ಪಾರ್ಟ್ ಕೆಟ್ಟಿದೆ ಎಂದಲ್ಲ. ಅನುಮಾನದ ಬ್ಯಾಚ್‌ನಲ್ಲಿ ಇದೆ ಎಂದಷ್ಟೇ. ಹಾಗೆಯೇ ಸದ್ದಿಲ್ಲ, ಅಲುಗಾಟವಿಲ್ಲ ಎಂದ ಮಾತ್ರಕ್ಕೆ ಪಾರ್ಟ್ ಚೆನ್ನಾಗಿದೆ ಎಂದೂ ಅಲ್ಲ. ಲೋಹದೊಳಗಿನ ಬಿರುಕು ಮುರಿಯುವ ತನಕ ಸದ್ದು ಮಾಡದೆ ಇರಬಹುದು. ಪಟ್ಟಿಯಲ್ಲಿದ್ದರೆ ಹೋಗಿ ಮಾಡಿಸಿಕೊಳ್ಳಿ. ಲಕ್ಷಣಕ್ಕೆ ಕಾಯಬೇಡಿ.

ಸ್ಟೇರಿಂಗ್: ಸದ್ದು ಎಲ್ಲಿಂದ ಬರುತ್ತಿದೆ

ಪಟ್ಟಿಯಲ್ಲಿ ಇರಲಿ, ಬಿಡಲಿ, ತೊಂದರೆ ಏನೆಂದು ಸರಿಯಾಗಿ ಹೇಳಲು ಬಂದರೆ ಅರ್ಧ ಕೆಲಸ ಆದಂತೆ. ಸ್ಟೇರಿಂಗ್ ಚಕ್ರದಿಂದ ಕೆಳಗೆ ಕಾಲಂ ಇಳಿಯುತ್ತದೆ. ಅದು ಸ್ಟೇರಿಂಗ್ ಗೇರ್ ಬಾಕ್ಸಿಗೆ, ಅಂದರೆ ನಮ್ಮ ಗ್ಯಾರೇಜಿನವರು ರ್‍ಯಾಕ್ ಎನ್ನುವುದಕ್ಕೆ ಸೇರುತ್ತದೆ. ರ್‍ಯಾಕ್‌ನ ಎರಡೂ ತುದಿಯಿಂದ ಟೈ ರಾಡ್ ಹೊರಟು ಮುಂದಿನ ಚಕ್ರಗಳನ್ನು ಹಿಡಿದುಕೊಂಡಿರುತ್ತದೆ. ಟೈ ರಾಡ್ ಕಳಚಿದರೆ ಆ ಕಡೆಯ ಚಕ್ರ ತನ್ನ ಪಾಡಿಗೆ ತಿರುಗುತ್ತದೆ. ನಿಮ್ಮ ಕೈಯಲ್ಲಿ ಸ್ಟೇರಿಂಗ್ ಇರುತ್ತದೆ, ಮಾತು ಕೇಳುವುದಿಲ್ಲ.

ಮೊದಲ ಪರೀಕ್ಷೆ, ಪ್ಲೇ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರ ನೇರ ಇಡಿ. ಎಂಜಿನ್ ಚಾಲೂ ಇರಲಿ. ಸ್ಟೇರಿಂಗ್ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ಮೆಲ್ಲಗೆ ಆಡಿಸಿ. ಮುಂದಿನ ಟೈರ್ ಅಲುಗುವ ಮುಂಚೆ ಅಂಚು ಎಷ್ಟು ದೂರ ಸುಮ್ನೆ ಓಡುತ್ತದೆ ನೋಡಿ. ಬಹಳಷ್ಟು ಸಣ್ಣ ಕಾರುಗಳ ಕೈಪಿಡಿಯಲ್ಲಿ ಇದು 30 ಮಿ.ಮೀ. ದಾಟಬಾರದು ಎಂದಿರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಹೋದ ತಿಂಗಳಿಗಿಂತ ಈಗ ಜಾಸ್ತಿ ಅನಿಸಿದರೆ, ಎಲ್ಲೋ ಸಡಿಲ ಆಗಿದೆ.

ಎರಡನೆಯದಕ್ಕೆ ಇನ್ನೊಬ್ಬರು ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಆಫ್ ಮಾಡಿ, ಸ್ಟೇರಿಂಗ್ ಲಾಕ್ ಆಗದಂತೆ ಕೀ ತೆಗೆಯದೆ ಅಲ್ಲೇ ಬಿಡಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪವೇ ಎಡ-ಬಲ ಆಡಿಸಲಿ. ನೀವು ಹೊರಗಿನಿಂದ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿ. ಚಕ್ರದ ಗೆಣ್ಣಿಗೆ ಬಂದು ಸೇರುವ ತೆಳು ರಾಡ್ ಕಾಣುತ್ತದೆ, ತುದಿಯಲ್ಲಿ ಕಪ್ಪು ರಬ್ಬರ್ ಟೋಪಿ. ಆ ಜಾಯಿಂಟ್ ಮೇಲೆ ಬೆರಳು ಇಡಿ. ಚೆನ್ನಾಗಿರುವ ಜಾಯಿಂಟ್‌ನಲ್ಲಿ ರಾಡ್ ಮತ್ತು ಗೆಣ್ಣು ಒಟ್ಟಿಗೆ ಚಲಿಸುತ್ತವೆ. ಸವೆದಿದ್ದರೆ ರಾಡ್ ಮೊದಲು ಒಂಚೂರು ಸರಿದು, ಆಮೇಲೆ ಗೆಣ್ಣು ಬರುತ್ತದೆ. ಆ ಒಂಚೂರು ನಿಮ್ಮ ಬೆರಳಿಗೆ ಟಿಕ್ ಎಂದು ಗೊತ್ತಾಗುತ್ತದೆ, ಕಿವಿಗೆ ಕೇಳದಿದ್ದರೂ. ರಬ್ಬರ್ ಹರಿದು ಗ್ರೀಸ್ ಆಚೆ ಬಂದು ಮಣ್ಣು ಮೆತ್ತಿಕೊಂಡಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ, ಫೋಟೋ ತೆಗೆಯಿರಿ. ಗಾಡಿಯ ಅಡಿಗೆ ಮಾತ್ರ ಹೋಗಬೇಡಿ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವ ಕೆಲಸ ಗ್ಯಾರೇಜಿನ ಲಿಫ್ಟ್ ಇರುವವರದ್ದು.

ಇಲ್ಲಿ ಒಂದು ಗೊಂದಲ ಆಗುತ್ತದೆ. ಹಂಪ್ ಅಥವಾ ಗುಂಡಿಯಲ್ಲಿ ಟಕ್ ಟಕ್ ಎಂದು ಸದ್ದು ಬರುವ ಎಲ್ಲ ಗಾಡಿಗೂ ಟೈ ರಾಡ್ ದೋಷ ಇರುವುದಿಲ್ಲ. ಬಹಳ ಸಲ ಅದು ಸಸ್ಪೆನ್ಷನ್‌ನ ಭಾಗಗಳಾದ ಸ್ಟೆಬಿಲೈಸರ್ ಲಿಂಕ್ ಅಥವಾ ಲೋಯರ್ ಆರ್ಮ್ ಬುಷ್. ವ್ಯತ್ಯಾಸ ಹೀಗೆ ಹಿಡಿಯಬಹುದು: ನಿಂತ ಗಾಡಿಯಲ್ಲಿ ಸ್ಟೇರಿಂಗ್ ಆಡಿಸಿದಾಗಲೇ ಸದ್ದು ಬಂದರೆ ಸ್ಟೇರಿಂಗ್ ಕಡೆಯ ಜಾಯಿಂಟ್ ಮೇಲೆ ಅನುಮಾನ ಜಾಸ್ತಿ. ಸ್ಟೇರಿಂಗ್ ನೇರ ಹಿಡಿದು ಒಂದು ಪಕ್ಕದ ಚಕ್ರ ಮಾತ್ರ ಗುಂಡಿಗೆ ಇಳಿದಾಗ ಸದ್ದು ಬಂದರೆ ಲಿಂಕ್ ಮೇಲೆ. ಪೂರ್ತಿ ತಿರುಗಿಸಿ ನಿಧಾನ ಓಡಿಸುವಾಗ ಕಟ್ ಕಟ್ ಕಟ್ ಎಂದು ಒಂದೇ ತಾಳದಲ್ಲಿ ಬಂದರೆ ಡ್ರೈವ್ ಶಾಫ್ಟ್ ನೋಡಿಸಿ.

ಸ್ಟೇರಿಂಗ್ ಗೇರ್ ಬಾಕ್ಸಿನ ದೋಷ ಬೇರೆ ಥರ. 2024ರ ಆಗಸ್ಟ್‌ನಲ್ಲಿ ಮಾರುತಿಯವರು ಆಲ್ಟೋ ಕೆ10ನ 2,555 ಗಾಡಿಗಳನ್ನು ಸ್ಟೇರಿಂಗ್ ಗೇರ್ ಬಾಕ್ಸ್ ಅಸೆಂಬ್ಲಿಗೆ ಸಂಬಂಧಿಸಿ ವಾಪಸ್ ಕರೆದರು. ಪಾರ್ಟ್ ಬದಲಿಸುವ ತನಕ ಗಾಡಿ ಓಡಿಸಲೇಬೇಡಿ ಎಂದು ಮಾಲೀಕರಿಗೆ ಹೇಳಿದರು. ಸಂಖ್ಯೆ ಚಿಕ್ಕದು, ಎಚ್ಚರಿಕೆ ದೊಡ್ಡದು. ನನ್ನ ಪ್ರಕಾರ ರೀಕಾಲ್ ಸುದ್ದಿ ಓದುವಾಗ ಎಷ್ಟು ಸಾವಿರ ಗಾಡಿ ಎನ್ನುವುದಕ್ಕಿಂತ "ಓಡಿಸಬೇಡಿ" ಎಂಬ ಮಾತು ಇದೆಯಾ ಎನ್ನುವುದನ್ನು ಮೊದಲು ಹುಡುಕಬೇಕು.

ಇನ್ನೊಂದು ಲಕ್ಷಣ ಹೈವೇಯಲ್ಲಿ ಮಾತ್ರ ಗೊತ್ತಾಗುತ್ತದೆ. ನೇರ ಹೋಗುತ್ತಿರುವಾಗ ಸ್ಟೇರಿಂಗ್ ಮಧ್ಯದಲ್ಲಿ ಅಂಟಿಕೊಂಡ ಹಾಗೆ ಇರುತ್ತದೆ. ಸಣ್ಣದಾಗಿ ತಿದ್ದಲು ಹೋದರೆ ಬರುವುದಿಲ್ಲ. ಸ್ವಲ್ಪ ಜಾಸ್ತಿ ಬಲ ಹಾಕಿದರೆ ತಟ್ಟನೆ ಬೇಕಾದದ್ದಕ್ಕಿಂತ ಹೆಚ್ಚು ತಿರುಗಿಬಿಡುತ್ತದೆ. ಅಮೆರಿಕದಲ್ಲಿ ಹೋಂಡಾ 2024ರ ಅಕ್ಟೋಬರ್‌ನಲ್ಲಿ ಸಿವಿಕ್, ಸಿಆರ್-ವಿ ಮುಂತಾದ ಸುಮಾರು 17 ಲಕ್ಷ ಗಾಡಿಗಳನ್ನು ಇದೇ ತೊಂದರೆಗೆ ವಾಪಸ್ ಕರೆಯಿತು. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಗೇರ್ ಬಾಕ್ಸ್ ಒಳಗಿನ ವರ್ಮ್ ಗೇರ್‌ಗಳ ನಡುವೆ ಉಜ್ಜಾಟ ಹೆಚ್ಚಾಗಿತ್ತು. ಸ್ಪ್ರಿಂಗ್ ಬದಲಿಸಿ, ಗ್ರೀಸ್ ಹಾಕಿಕೊಡುವುದು ಅದಕ್ಕೆ ಕೊಟ್ಟ ಪರಿಹಾರ. ಇಂಥ ಲಕ್ಷಣವನ್ನು ಅಲೈನ್‌ಮೆಂಟ್ ಸರಿಯಿಲ್ಲ ಎಂದುಕೊಂಡು ಅಲೈನ್‌ಮೆಂಟ್ ಮೇಲೆ ಅಲೈನ್‌ಮೆಂಟ್ ಮಾಡಿಸುವವರಿದ್ದಾರೆ. ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದೇ ಕಡೆ ಎಳೆಯುತ್ತದೆ. ಅಂಟು ಹಿಡಿದರೆ ನೀವು ಬಿಟ್ಟ ಕಡೆಯೇ ನಿಲ್ಲುತ್ತದೆ. ಎರಡೂ ಬೇರೆ.

ಸ್ಟೇರಿಂಗ್ ಲೈಟ್ ಹೊತ್ತಿ, ಸ್ಟೇರಿಂಗ್ ಕಲ್ಲಿನಂತೆ ಭಾರವಾದರೆ ಮೊದಲು ಬ್ಯಾಟರಿ ಮತ್ತು ಫ್ಯೂಸ್ ನೋಡಿಸಿ. ವೋಲ್ಟೇಜ್ ಇಳಿದಾಗ ಪವರ್ ಸ್ಟೇರಿಂಗ್ ತನ್ನಷ್ಟಕ್ಕೆ ಕೈ ಬಿಡುತ್ತದೆ. ಸಹಾಯ ಹೋದರೂ ಸ್ಟೇರಿಂಗ್ ಮತ್ತು ಚಕ್ರದ ಲೋಹದ ಸಂಪರ್ಕ ಹಾಗೇ ಇರುತ್ತದೆ, ಬಲ ಹಾಕಿ ತಿರುಗಿಸಿ ಪಕ್ಕಕ್ಕೆ ನಿಲ್ಲಿಸಬಹುದು.

ಬ್ರೇಕ್: ಪೆಡಲ್ ಏನು ಹೇಳುತ್ತಿದೆ

ಬ್ರೇಕ್ ದೂರುಗಳನ್ನು ಪೆಡಲ್‌ನಿಂದಲೇ ಬೇರೆ ಬೇರೆ ಮಾಡಬಹುದು. ಗಟ್ಟಿ, ಮೆತ್ತಗೆ, ಇಳಿಯುತ್ತಾ ಹೋಗುವುದು. ಈ ಮೂರಕ್ಕೂ ಕಾರಣ ಬೇರೆ.

ಗಟ್ಟಿ ಎಂದರೆ ಬೂಸ್ಟರ್ ಕಡೆ ನೋಡಬೇಕು. ಕಾರಿನ ಬ್ರೇಕ್ ಬೂಸ್ಟರ್ ಎಂಜಿನ್ ಎಳೆಯುವ ಗಾಳಿಯಿಂದ ಆಗುವ ವ್ಯಾಕ್ಯೂಂ ಬಳಸಿಕೊಂಡು ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುತ್ತದೆ. ಟರ್ಬೋ ಎಂಜಿನ್‌ನಲ್ಲಿ ಆ ವ್ಯಾಕ್ಯೂಂ ಯಾವಾಗಲೂ ಸಿಗುವುದಿಲ್ಲ, ಅದಕ್ಕೇ ಬೇರೆ ಪಂಪ್ ಕೂಡ ಇಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಮಾರುತಿ ಬಲೆನೋ ಆರ್‌ಎಸ್‌ನ 7,213 ಕಾರುಗಳನ್ನು ಇದೇ ವ್ಯಾಕ್ಯೂಂ ಪಂಪ್ ಸಲುವಾಗಿ ಕರೆದದ್ದು. ಅವು 2016ರ ಅಕ್ಟೋಬರ್ 27ರಿಂದ 2019ರ ನವೆಂಬರ್ 1ರ ನಡುವೆ ತಯಾರಾದವು. ಪಂಪ್ ಕೆಟ್ಟರೆ ಬ್ರೇಕ್ ಒತ್ತಲು ಜಾಸ್ತಿ ಬಲ ಬೇಕಾಗುತ್ತದೆ. ಆರು ವರ್ಷ ಹಳೆಯ ಕಾರಿನಲ್ಲಿ ಪೆಡಲ್ ಗಟ್ಟಿಯಾದರೆ ಯಾರಿಗೇ ಆದರೂ "ವಯಸ್ಸಾಯ್ತು, ಪ್ಯಾಡ್ ಸವೆದಿರಬೇಕು" ಅನಿಸುತ್ತದೆ ಅಲ್ವಾ? ಅಲ್ಲೇ ರೀಕಾಲ್ ಕೈ ತಪ್ಪುವುದು.

ಬೂಸ್ಟರ್ ಪರೀಕ್ಷೆ ಮನೆ ಮುಂದೆಯೇ ಮಾಡಬಹುದು. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಪೂರ್ತಿ ಒತ್ತಿ ಬಿಡಿ. ಉಳಿದ ವ್ಯಾಕ್ಯೂಂ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಬೂಸ್ಟರ್ ಸರಿ ಇದ್ದರೆ ಕಾಲಿನ ಕೆಳಗೆ ಪೆಡಲ್ ಸ್ವಲ್ಪ ಇಳಿಯುತ್ತದೆ. ಒಂದಿಷ್ಟೂ ಅಲುಗದಿದ್ದರೆ ಬೂಸ್ಟರ್, ಅದರ ಪೈಪ್ ಅಥವಾ ಪಂಪ್‌ನಲ್ಲಿ ತೊಂದರೆ. ಮುಂದಿನ ಹಂತ: ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಒತ್ತಿ. ಮೊದಲ ಒತ್ತು ಮಾಮೂಲಿನಂತೆ ಇರಬೇಕು, ಆಮೇಲಿನವು ಗಟ್ಟಿಯಾಗುತ್ತಾ ಬರಬೇಕು. ಮೊದಲ ಒತ್ತೇ ಗಟ್ಟಿ ಇದ್ದರೆ ವ್ಯಾಕ್ಯೂಂ ಎಲ್ಲೋ ಸೋರುತ್ತಿದೆ.

ಎಲೆಕ್ಟ್ರಿಕ್ ಕಾರಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅಲ್ಲಿ ದೋಷ ಸೆನ್ಸರ್‌ನಲ್ಲೂ ಇರಬಹುದು. 2023ರ ಆಗಸ್ಟ್‌ನಲ್ಲಿ ಮಹೀಂದ್ರಾ ಎಕ್ಸ್‌ಯುವಿ400ರ 3,560 ಗಾಡಿಗಳನ್ನು ಕರೆದದ್ದು ಬ್ರೇಕ್ ಪೊಟೆನ್ಷಿಯೋಮೀಟರ್‌ನ ಸ್ಪ್ರಿಂಗ್ ಸರಿಯಾಗಿ ವಾಪಸ್ ಬರುತ್ತಿಲ್ಲ ಎಂಬ ಕಾರಣಕ್ಕೆ. ಇದನ್ನು ಕಣ್ಣಿಂದ ಹಿಡಿಯಲು ಆಗದು. ಚಾಸಿ ನಂಬರ್ ಒಂದೇ ದಾರಿ.

ಪೆಡಲ್ ಮೆತ್ತಗಾಗಿ, ಎರಡು ಮೂರು ಸಲ ಪಂಪ್ ಮಾಡಿದರೆ ಸರಿಯಾಗುತ್ತದೆ ಎಂದಾದರೆ ಲೈನ್‌ನಲ್ಲಿ ಗಾಳಿ ಇದೆ ಅಥವಾ ಬ್ರೇಕ್ ಆಯಿಲ್ ಕುದಿದಿದೆ. ಚಾರ್ಮಾಡಿಯೋ ಶಿರಾಡಿಯೋ ಇಳಿದು ಬಂದ ಮೇಲೆ ಹೀಗಾಗಿ, ಗಾಡಿ ಅರ್ಧ ಗಂಟೆ ನಿಂತ ಮೇಲೆ ಮಾಮೂಲಿಗೆ ಬಂದರೆ ಅದು ರೀಕಾಲ್ ವಿಷಯ ಆಗಿರುವುದು ಕಡಿಮೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಬದಲಿಸಿ, ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸಿ.

ಸಿಗ್ನಲ್‌ನಲ್ಲಿ ಒಂದೇ ಸಮ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ನೆಲದ ಕಡೆ ಇಳಿಯುತ್ತಿದ್ದರೆ ಇನ್ನು ಓಡಿಸಬೇಡಿ. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಹೊರಗೆ ಸೋರುತ್ತಿದೆ, ಚಕ್ರಗಳ ಒಳಬದಿ ಒದ್ದೆ ಇದೆಯಾ ನೋಡಿ. ಮಟ್ಟ ಹಾಗೇ ಇದ್ದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಮೇಲೆ ಅನುಮಾನ. ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ಹೋಸ್ ಪೈಪ್ ಸೀಳುವುದೂ ಒಂದು ಕಾರಣ. ಫೋರ್ಡ್ 2023ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ಫ್ಯೂಷನ್ ಮತ್ತು ಲಿಂಕನ್ ಎಂಕೆಝಡ್ ಕಾರುಗಳನ್ನು ಮುಂದಿನ ಬ್ರೇಕ್ ಹೋಸ್ ಸೀಳಿ ಆಯಿಲ್ ಸೋರಬಹುದು ಎಂದು ಕರೆಯಿತು.

ಹಿಂದಿನ ಚಕ್ರದ ಸದ್ದನ್ನು ನಾವು ತುಂಬಾ ಹಗುರವಾಗಿ ತೆಗೆದುಕೊಳ್ಳುತ್ತೇವೆ. "ಡ್ರಮ್‌ನಲ್ಲಿ ಧೂಳು ಕೂತಿದೆ, ಕ್ಲೀನ್ ಮಾಡಿದರೆ ಹೋಗುತ್ತೆ" ಎನ್ನುವುದು ಸಿದ್ಧ ಉತ್ತರ. ಅನೇಕ ಸಲ ಅದು ನಿಜವೂ ಹೌದು. ಆದರೆ 2022ರ ಅಕ್ಟೋಬರ್‌ನಲ್ಲಿ ಮಾರುತಿಯವರು ವ್ಯಾಗನ್‌ಆರ್, ಸೆಲೆರಿಯೋ, ಇಗ್ನಿಸ್ ಸೇರಿ 9,925 ಕಾರುಗಳನ್ನು ಕರೆದಾಗ ಹೇಳಿದ್ದು ಇದನ್ನೇ: ಹಿಂದಿನ ಬ್ರೇಕ್ ಅಸೆಂಬ್ಲಿಯ ಪಿನ್ ಮುರಿದು ವಿಚಿತ್ರ ಸದ್ದು ಬರಬಹುದು, ಬರುಬರುತ್ತಾ ಬ್ರೇಕ್ ಹಿಡಿತವೂ ಕಡಿಮೆಯಾಗಬಹುದು. ಆ ಕಾರುಗಳು 2022ರ ಆಗಸ್ಟ್ 3ರಿಂದ ಸೆಪ್ಟೆಂಬರ್ 1ರ ಒಳಗೆ ತಯಾರಾದವು. ಒಂದು ತಿಂಗಳು ಕೂಡ ತುಂಬದ ಅವಧಿ. ಹಿಂದಿನ ಡ್ರಮ್ ಸದ್ದು ಬಂದರೆ ಕ್ಲೀನ್ ಮಾಡಲು ಬಿಚ್ಚಿದಾಗ ಪಕ್ಕದಲ್ಲಿ ನಿಂತು ಒಳಗಿನ ಪಿನ್, ಸ್ಪ್ರಿಂಗ್ ಎಲ್ಲ ಇಡಿಯಾಗಿವೆಯೇ ಎಂದು ತೋರಿಸಲು ಹೇಳಿ.

ಬ್ರೇಕ್ ಒತ್ತಿದಾಗ ಮಾತ್ರ ಒಂದು ಕಡೆ ಎಳೆದರೆ ಡಿಸ್ಕ್ ಮೇಲೆ ಪ್ಯಾಡ್ ಒತ್ತುವ ಕ್ಯಾಲಿಪರ್ ಅಂಟಿರುವುದು ಹೆಚ್ಚು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ರಿಮ್‌ಗಳನ್ನು ಮುಟ್ಟದೆ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಚಕ್ರದ ಬಿಸಿ ಉಳಿದದ್ದಕ್ಕಿಂತ ಬಹಳ ಜಾಸ್ತಿ ಇದ್ದರೆ ಅದೇ.

ಎಬಿಎಸ್ ಎಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಹಳದಿ ಎಬಿಎಸ್ ಲೈಟ್ ಒಂದೇ ಹೊತ್ತಿದ್ದರೆ ಸಾಮಾನ್ಯವಾಗಿ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಎಬಿಎಸ್ ಇರುವುದಿಲ್ಲ. ಜೊತೆಗೆ ಕೆಂಪು ಬ್ರೇಕ್ ಲೈಟೂ ಹೊತ್ತಿದರೆ ಗಾಡಿ ಪಕ್ಕಕ್ಕೆ ಹಾಕಿ.

ಬೈಕಿನವರಿಗೆ

ರಾಯಲ್ ಎನ್‌ಫೀಲ್ಡ್ 2021ರ ಡಿಸೆಂಬರ್‌ನಲ್ಲಿ 26,300 ಕ್ಲಾಸಿಕ್ 350 ಬೈಕ್‌ಗಳನ್ನು ಕರೆಯಿತು. ಸಿಂಗಲ್ ಚಾನೆಲ್ ಎಬಿಎಸ್ ಮತ್ತು ಹಿಂದೆ ಡ್ರಮ್ ಬ್ರೇಕ್ ಇದ್ದ ಮಾದರಿ, 2021ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 5ರ ನಡುವೆ ತಯಾರಾದವು. ಬ್ರೇಕ್ ಹಾಕಿದಾಗ ಚಕ್ರದ ಜೊತೆ ಡ್ರಮ್‌ನ ತಟ್ಟೆಯೂ ತಿರುಗಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದು ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳಿನ, ಮೇಲಿನ ರಿಯಾಕ್ಷನ್ ಬ್ರಾಕೆಟ್. ತೀರಾ ಜೋರಾಗಿ ಬ್ರೇಕ್ ಹಾಕಿದಾಗ ಅದಕ್ಕೆ ಪೆಟ್ಟಾಗಬಹುದು, ಸದ್ದು ಬಂದು, ಹಿಡಿತ ಕಡಿಮೆಯಾಗಿ, ವಿಪರೀತ ಸಂದರ್ಭದಲ್ಲಿ ಚಕ್ರವೇ ಲಾಕ್ ಆಗಬಹುದು ಎಂಬ ಭಯ ಇತ್ತು. ನಿಮ್ಮ ಬೈಕಿನಲ್ಲಿ ಹಿಂದಿನ ಬ್ರೇಕ್ ಒತ್ತಿದಾಗ ಕ್ಲಕ್ ಎಂದು ಒಂದೇ ಒಂದು ಪೆಟ್ಟಿನ ಸದ್ದು ಬಂದರೆ ಆ ಬ್ರಾಕೆಟ್, ಟಾರ್ಕ್ ಆರ್ಮ್ ಮತ್ತು ಅದರ ಬೋಲ್ಟ್ ನೋಡಿಸಿ.

ಸ್ಟೇರಿಂಗ್, ಬ್ರೇಕ್ ಎರಡೂ ಒಮ್ಮೆಲೇ ಗಟ್ಟಿಯಾದರೆ

ಆಗ ಸ್ಟೇರಿಂಗನ್ನೂ ಬಿಚ್ಚಬೇಡಿ, ಬ್ರೇಕನ್ನೂ ಬಿಚ್ಚಬೇಡಿ. ಎಂಜಿನ್ ಆಫ್ ಆಗಿತ್ತೇ ಎಂದು ಕೇಳಿಕೊಳ್ಳಿ. ಎರಡೂ ಸಹಾಯ ಎಂಜಿನ್ ಓಡುತ್ತಿದ್ದರೆ ಮಾತ್ರ ಸಿಗುವುದು. 2014ರಲ್ಲಿ ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಸುಮಾರು 26 ಲಕ್ಷ ಕಾರುಗಳನ್ನು ಇಗ್ನಿಷನ್ ಸ್ವಿಚ್ ದೋಷಕ್ಕೆ ಕರೆಯಿತು. ಓಡುವಾಗಲೇ ಕೀ ಜಾರಿ ಎಂಜಿನ್ ನಿಲ್ಲುತ್ತಿತ್ತು, ಪವರ್ ಸ್ಟೇರಿಂಗ್ ಹೋಗುತ್ತಿತ್ತು, ಬ್ರೇಕ್ ಬೂಸ್ಟ್ ಹೋಗುತ್ತಿತ್ತು, ಏರ್‌ಬ್ಯಾಗ್ ಕೂಡ ಬಿಚ್ಚುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ಒಪ್ಪಿತು. ಸಣ್ಣ ಸ್ವಿಚ್ಚು. ಲಕ್ಷಣ ಕಂಡ ಜಾಗದಲ್ಲೇ ಕಾರಣ ಇರಬೇಕೆಂದಿಲ್ಲ.

ಸರ್ವಿಸ್ ಸೆಂಟರ್‌ನಲ್ಲಿ

ಜಾಬ್ ಕಾರ್ಡ್ ಬರೆಯುವಾಗ ಪಕ್ಕದಲ್ಲಿ ನಿಲ್ಲಿ. "ಸ್ಟೇರಿಂಗ್ ನಾಯ್ಸ್ ಚೆಕ್" ಎಂದು ಬರೆದರೆ ಅದು ಯಾವುದಕ್ಕೂ ಉಪಯೋಗವಿಲ್ಲ. "ನಿಂತಾಗ ಸ್ಟೇರಿಂಗ್ ಆಡಿಸಿದರೆ ಎಡಗಡೆ ಟೈ ರಾಡ್ ತುದಿಯಲ್ಲಿ ಟಿಕ್ ಎಂದು ಬೆರಳಿಗೆ ಗೊತ್ತಾಗುತ್ತದೆ, ಎರಡು ವಾರದಿಂದ ಹೆಚ್ಚಾಗಿದೆ, ರೀಕಾಲ್ ಬಾಕಿ ಇದೆಯೇ ನೋಡಿ" ಎಂದು ಬರೆಸಿ. ಹಾಗೆ ಬರೆಯಲು ಒಪ್ಪದಿದ್ದರೆ ಅದೇ ಮಾತನ್ನು ಅವರ ಇಮೇಲ್‌ಗೆ ಕಳಿಸಿ. ಮುಂದೆ ವಿಷಯ ಬೆಳೆದರೆ ಆ ತಾರೀಖು ಬೇಕಾಗುತ್ತದೆ.

ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಆಗಲೇ ಪಾರ್ಟ್ ಬದಲಿಸಿದ್ದರೆ ಹಳೆಯ ಪಾರ್ಟ್ ಬಿಸಾಕಬೇಡಿ, ಬಿಲ್ ಇಟ್ಟುಕೊಳ್ಳಿ. ಅಲ್ಲಿ ಹಾಕಿದ್ದು ಕಂಪನಿಯದ್ದೋ ಲೋಕಲ್ಲೋ ಎನ್ನುವುದನ್ನು ಸರ್ವಿಸ್ ಸೆಂಟರ್‌ನಲ್ಲಿ ಹೇಳಿ. ರೀಕಾಲ್ ಕೆಲಸ ಮುಗಿದ ಮೇಲೆ ಬದಲಿಸಿದ ಪಾರ್ಟ್‌ನ ಹೆಸರು, ಚಾಸಿ ನಂಬರ್, ತಾರೀಖು ಇರುವ ಕಾಗದ ಕೇಳಿ ಪಡೆಯಿರಿ. ಟೈ ರಾಡ್ ಬದಲಿಸಿದರೆ ಅಲೈನ್‌ಮೆಂಟ್ ಮಾಡಲೇಬೇಕು. ಅದಕ್ಕೆ ಬೇರೆ ದುಡ್ಡು ಕೇಳಿದರೆ ಅದು ರೀಕಾಲ್ ಕೆಲಸದ ಭಾಗವೇ ಎಂದು ಗಟ್ಟಿಯಾಗಿ ಹೇಳಿ. ಪಾರ್ಟ್ ಬಂದಿಲ್ಲ, ಎರಡು ವಾರ ಬಿಟ್ಟು ಬನ್ನಿ ಎಂದರೆ, ಅಷ್ಟು ದಿನ ಓಡಿಸಬಹುದೇ ಬೇಡವೇ ಎನ್ನುವುದನ್ನು ಬರಹದಲ್ಲಿ ಕೇಳಿ.

ಪಟ್ಟಿಯಲ್ಲಿ ಇಲ್ಲ, ಆದರೆ ದೋಷ ಇದೆ

ನಮ್ಮಲ್ಲಿ 2012ರಿಂದ ವಾಹನ ತಯಾರಕರ ಒಕ್ಕೂಟ ಸಿಯಾಮ್‌ನ ಸ್ವಯಂ ರೀಕಾಲ್ ನಿಯಮಾವಳಿ ಇತ್ತು. ಕಂಪನಿ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಸೆಕ್ಷನ್ 110ಎ ಕೇಂದ್ರ ಸರ್ಕಾರಕ್ಕೇ ರೀಕಾಲ್ ಆದೇಶ ಕೊಡುವ ಅಧಿಕಾರ ಕೊಟ್ಟಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷದೊಳಗಿನ ಗಾಡಿಗಳಿಗೆ ಇದು ಅನ್ವಯಿಸುತ್ತದೆ. ಸರ್ಕಾರವೇ ಆದೇಶಿಸಿ ಕರೆಸಬೇಕಾಗಿ ಬಂದರೆ ಕಂಪನಿಗೆ ಗಾಡಿಗಳ ಸಂಖ್ಯೆ, ವಿಧ ನೋಡಿ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು.

ಇಲ್ಲಿ ನಿಮ್ಮ ಪಾತ್ರ ದೊಡ್ಡದು. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ರೀಕಾಲ್ ದೂರು ಕೊಡುವ ವಿಭಾಗ ಇದೆ. ಆ ಮಾದರಿ ವರ್ಷಕ್ಕೆ ಎಷ್ಟು ಮಾರಾಟವಾಗುತ್ತದೆ, ಅದರಲ್ಲಿ ಎಷ್ಟು ದೂರು ಬಂದಿವೆ ಎಂಬ ಲೆಕ್ಕದ ಮೇಲೆ ತನಿಖೆ ಶುರುವಾಗುತ್ತದೆ. ಅಂದರೆ ನಮ್ಮ ದೂರು ಒಂದು ಎಣಿಕೆ. ದುಡ್ಡು ಕೊಟ್ಟು ಸರಿ ಮಾಡಿಸಿಕೊಂಡು ಸುಮ್ಮನಾದರೆ ಆ ದೋಷ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ, ಅದೇ ಬ್ಯಾಚಿನ ಇನ್ನೊಂದು ಗಾಡಿ ಯಾವುದೋ ತಿರುವಿನಲ್ಲಿ ಅದನ್ನು ಎದುರಿಸುತ್ತದೆ. ದೂರು ಕೊಡುವಾಗ ತಯಾರಿ ತಿಂಗಳು, ಓಡಿದ ಕಿಲೋಮೀಟರ್, ಲಕ್ಷಣ, ಜಾಬ್ ಕಾರ್ಡ್ ಎಲ್ಲ ಹಾಕಿ. ಡೀಲರ್ ಜೊತೆಗಿನ ಜಗಳಕ್ಕೆ ಬೇರೆ ದಾರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಸೆಕೆಂಡ್ ಹ್ಯಾಂಡ್ ಗಾಡಿ ಮತ್ತು ಹೊರದೇಶದವರು

ರೀಕಾಲ್ ನೋಟಿಸ್ ಹೋಗುವುದು ಕಂಪನಿ ದಾಖಲೆಯಲ್ಲಿರುವ ಫೋನ್ ನಂಬರಿಗೆ. ಸಾಮಾನ್ಯವಾಗಿ ಅದು ಮೊದಲ ಮಾಲೀಕರದ್ದು. ಬೆಂಗಳೂರಿನಲ್ಲಿ ಕೊಂಡು, ಹಾಸನಕ್ಕೆ ಮಾರಿ, ಅಲ್ಲಿಂದ ಸಿರಸಿಗೆ ಹೋದ ಕಾರಿಗೆ ಬಂದ ಮೆಸೇಜನ್ನು ಈಗಿನವರು ಎಂದೂ ನೋಡಿರುವುದಿಲ್ಲ. ಹಳೆ ಗಾಡಿ ಕೊಳ್ಳುವಾಗ ಟೋಕನ್ ಕೊಡುವ ಮುಂಚೆ ಚಾಸಿ ನಂಬರ್ ತೆಗೆದುಕೊಂಡು ಬಾಕಿ ರೀಕಾಲ್ ನೋಡಿ. ಕೊಂಡ ಮೇಲೆ ಸರ್ವಿಸ್ ಸೆಂಟರಿಗೆ ಹೋಗಿ ನಿಮ್ಮ ಹೆಸರು, ಫೋನ್ ನಂಬರ್ ಬದಲಿಸಿ. ಆರ್‌ಸಿ ವರ್ಗಾವಣೆ ಆದರೆ ಕಂಪನಿ ದಾಖಲೆ ತಾನಾಗಿ ಬದಲಾಗುತ್ತದೆ ಎಂದುಕೊಳ್ಳಬೇಡಿ. ಪಟ್ಟಿಗಳು ವರ್ಷಗಳ ನಂತರವೂ ಬರುತ್ತವೆ, ಬಲೆನೋ ಆರ್‌ಎಸ್‌ನದ್ದು ಬಂದ ಹಾಗೆ. ಪ್ರತಿ ಸರ್ವಿಸ್‌ಗೆ ಹೋದಾಗ ಒಮ್ಮೆ ಕೇಳುವುದು ರೂಢಿ ಮಾಡಿಕೊಳ್ಳಿ.

ಅಮೆರಿಕದಲ್ಲಿರುವ ನಮ್ಮವರಿಗೆ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಎಲ್ಲ ಕಂಪನಿಗಳ ರೀಕಾಲ್ ಒಂದೇ ಕಡೆ ಸಿಗುತ್ತದೆ. 17 ಅಕ್ಷರ-ಅಂಕಿಯ ವಿಐಎನ್, ಅಂದರೆ ಚಾಸಿ ನಂಬರ್, ಹಾಕಿದರೆ ಸಾಕು. ಅಲ್ಲಿ ಡೀಲರ್‌ಗಳು ರೀಕಾಲ್ ಬಾಕಿ ಇರುವ ಹಳೆಯ ಕಾರನ್ನೂ ಮಾರಬಹುದು, ಅದನ್ನು ತಡೆಯುವ ಕೇಂದ್ರ ಕಾನೂನು ಇಲ್ಲ. ಹೊಸದಾಗಿ ಹೋದವರು ಮೊದಲ ಕಾರು ಹಳೆಯದನ್ನೇ ಕೊಳ್ಳುವುದು ಹೆಚ್ಚು, ಹಾಗಾಗಿ ಟೆಸ್ಟ್ ಡ್ರೈವ್‌ಗೆ ಮುಂಚೆಯೇ ವಿಂಡ್‌ಶೀಲ್ಡ್ ಕೆಳಗಿನ ಮೂಲೆಯಲ್ಲಿ ಕಾಣುವ ಆ ನಂಬರಿನ ಫೋಟೋ ತೆಗೆದುಕೊಳ್ಳಿ. ಬ್ರಿಟನ್‌ನಲ್ಲಿ ಸರ್ಕಾರದ ಸೈಟಿನಲ್ಲಿ ನಂಬರ್ ಪ್ಲೇಟ್ ಸಂಖ್ಯೆ ಹಾಕಿಯೇ ನೋಡಬಹುದು.